ಕಣದ ಬದಿಗೊಂದು ಕಂಬದ ಕೊಟ್ಟಿಗೆ

ದೀಪಾವಳಿ ಕಳೆದರೆ ಕಣಕ್ಕೆ ಮಳೆಯ ಭಯವಿಲ್ಲ ಎಂದು ಹಿರಿಯ ಸದಸ್ಯರು ಹೇಳುವುದುಂಟು. ಹಿಂದೆಯೂ ಅದು ಪೂರ್ತಿ ನಿಜವಾಗಿರಲಿಲ್ಲ. ಆದರೆ 2021ನೇ ಇಸವಿಯೊಂದರಲ್ಲೇ ಜನವರಿಯಲ್ಲಿ ಒಮ್ಮೆ, ನವೆಂಬರಿನಲ್ಲಿ ಮತ್ತೊಮ್ಮೆ ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕೊಯ್ಲಿನ ನಡುವೆ ಸುರಿದ ಮಳೆಯನ್ನು ಕಂಡವರಾರೂ ಇನ್ನು ಆ ಮಾತನ್ನು ನಂಬಿ ಕೂರಲಾರರು. ಗಿಡದಲ್ಲಿದ್ದ ಹಣ್ಣು ಬಿರಿದು ಉದುರಿತು, ಕಣದಲ್ಲಿದ್ದದ್ದು ಕಪ್ಪಾಯಿತು. ಗಿಡದಲ್ಲಿದ್ದದ್ದನ್ನು ಉಳಿಸುವುದು ನಮ್ಮ ಕೈಯಲ್ಲಿರಲಿಲ್ಲ. ಕಣದಲ್ಲಿದ್ದದ್ದನ್ನು ಉಳಿಸಬಹುದಿತ್ತು, ಒಂದು ಮಾಡಿದ್ದಿದ್ದರೆ.

ಆ ಬಳಿಕ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಶೆಡ್ಡಿನ ಸಾಲ ಕೇಳುವವರು ಹೆಚ್ಚಿದ್ದಾರೆ. ಜೊತೆಗೆ ಕಬ್ಬಿಣದ ಕೆಲಸದವರು ಬರೆದುಕೊಟ್ಟ ಅಂದಾಜು ಪಟ್ಟಿಯನ್ನೂ ತರುತ್ತಾರೆ. ಎರಡು ಮೂರು ಎಕರೆಯ ಬೆಳೆಗಾರನಿಗೆ ಆ ಮೊತ್ತವೆಂದರೆ ಎಷ್ಟೋ ವರ್ಷಗಳ ಉಳಿತಾಯ. ಪಟ್ಟಿ ನೋಡಿ ಮುಂದಿನ ವರ್ಷಕ್ಕಾಗಲಿ ಎಂದು ಎದ್ದುಹೋದವರು ಮುಂದಿನ ವರ್ಷವೂ ಹಾಗೆಯೇ ಎದ್ದುಹೋಗುವುದನ್ನು ನಾವು ಕಾಣುತ್ತಿದ್ದೇವೆ. ಅಂಥವರಿಗಾಗಿ ಈ ಲೇಖನ. ತೋಟದ ಮರ, ಊರಿನ ಕಲ್ಲು, ಮನೆಯವರ ಮತ್ತು ಮುಯ್ಯಾಳಿನ ದುಡಿಮೆ, ಒಬ್ಬ ಬಡಗಿಯ ಕೆಲವು ದಿನದ ಕೂಲಿ, ಇಷ್ಟರಲ್ಲಿ ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಕೊಟ್ಟಿಗೆಯನ್ನು ನಾವೇ ಎಬ್ಬಿಸಬಹುದು. ದುಡ್ಡು ಕೊಟ್ಟು ತರಬೇಕಾದ್ದು ಮುಖ್ಯವಾಗಿ ತಗಡು, ಬೋಲ್ಟು ಮತ್ತು ಕಲ್ಲು.

ಕಂಬದ ಕೊಟ್ಟಿಗೆಯೆಂದರೆ ಪಾಯ ಮತ್ತು ಗೋಡೆಯಿಲ್ಲದ ಕಟ್ಟಡ. ಭಾರವೆಲ್ಲ ಕಂಬದ ಮೇಲೆ; ಕಂಬದ ಬುಡ ನೆಲದಲ್ಲಿ ಹೂತಿರುವುದರಿಂದಲೇ ಇಡೀ ಕಟ್ಟಡ ಓಲಾಡದೆ ನಿಲ್ಲುತ್ತದೆ. ಅಮೆರಿಕದಲ್ಲಿ ಇದು ಬಳಕೆಗೆ ಬಂದದ್ದು 1930ರ ದಶಕದಲ್ಲಿ, ಬೆಳೆಗೆ ಬೆಲೆಯಿಲ್ಲದೆ ರೈತರು ಸೋತಿದ್ದ ಕಾಲದಲ್ಲಿ. ತಂತಿ ಕಂಬಗಳಿಗೆ ಬಳಸುವ, ಔಷಧಿ ಉಣಿಸಿದ ಮರವನ್ನೇ ತಂದು ನೆಟ್ಟು ಮೇಲೆ ತಗಡು ಹೊದಿಸಿದರು. ನಮಗೇನೂ ಇದು ಹೊಸತಲ್ಲ. ವರ್ಷ ವರ್ಷ ಅಂಗಳದಲ್ಲಿ ಹಾಕುವ ಅಡಕೆ ಚಪ್ಪರವೂ ಇದೇ ಜಾತಿಯದು. ಒಂದು ವ್ಯತ್ಯಾಸವಿದೆ. ಚಪ್ಪರದ ಅಡಕೆ ಕಂಬ ಎರಡು ಮಳೆಗಾಲಕ್ಕೆ ಬುಡದಲ್ಲಿ ಕೊಳೆತರೂ ಚಿಂತೆಯಿಲ್ಲ, ಬೇರೆಯದು ನೆಡುತ್ತೇವೆ. ಮೇಲೆ ತಗಡು ಹೊದಿಸಿದ ಕೊಟ್ಟಿಗೆಯ ಕಂಬ ಕೊಳೆತರೆ ಹಾಗೆ ಬದಲಿಸಲಾಗದು. ಆದುದರಿಂದ ಈ ಕೆಲಸದಲ್ಲಿ ಯೋಚನೆಯ ಮುಕ್ಕಾಲು ಪಾಲು ಕಂಬದ ಬುಡಕ್ಕೆ ಹೋಗಬೇಕು. ನಮ್ಮವರು ಮುಕ್ಕಾಲು ಪಾಲು ಯೋಚನೆಯನ್ನು ತಗಡಿನ ಬಣ್ಣಕ್ಕೆ ಕೊಡುತ್ತಾರೆ.

ಮೊದಲು ಮರದ ವಿಚಾರ. ಕಾಫಿ ತೋಟದಲ್ಲಿ ಎಲ್ಲರಲ್ಲೂ ಇರುವುದು ಸಿಲ್ವರ್ ಓಕ್. ನೆಟ್ಟಗೆ ಬೆಳೆಯುತ್ತದೆ, ಹಗುರ, ಮೊಳೆಗೆ ಸುಲಭ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲಿ ಕಡಿಯಲು ಅನುಮತಿ ಬೇಡವೆಂದು ಬಿಟ್ಟಿರುವ ಮರಗಳಲ್ಲಿ ಸಿಲ್ವರ್ ಓಕ್, ನೀಲಗಿರಿ, ಗಾಳಿಮರ ಸೇರಿವೆ. ಬೀಟೆ, ತೇಗ, ಹೊನ್ನೆ, ಮತ್ತಿ, ಹಲಸು ಮುಂತಾದವಕ್ಕೆ ಆ ವಿನಾಯಿತಿಯಿಲ್ಲ. ತೋಟದಲ್ಲಿ ಬಿದ್ದ ಮರವಾದರೂ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಯೇ ಕೈಹಚ್ಚಬೇಕು. ಕೊಡಗಿನ ಬಾಣೆ ಜಮೀನಿನವರು ಇನ್ನೂ ಹೆಚ್ಚು ಜಾಗ್ರತೆ ವಹಿಸತಕ್ಕದ್ದು.

ಸಿಲ್ವರ್ ಓಕಿನ ದೋಷವೆಂದರೆ ಅದು ಮಣ್ಣಿಗೆ ಆಗದು. ಹಸಿ ಮಣ್ಣಿನಲ್ಲಿ ಹೂತರೆ ಒರಲೆಗೂ ಬೂಷ್ಟಿಗೂ ಬೇಗ ತುತ್ತಾಗುತ್ತದೆ. ಆದರೆ ನೆಲಕ್ಕೆ ತಾಗದೆ, ಮಾಡಿನ ಕೆಳಗೆ ಒಣಗಿದ್ದರೆ ಬಹಳ ಕಾಲ ಬಾಳುತ್ತದೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಪ್ರಶ್ನೆ ತೀರಿತು: ಸಿಲ್ವರ್ ಓಕ್ ತೊಲೆಗೆ, ಪಕಾಸಿಗೆ, ನೆಲದಿಂದ ಮೇಲಿನ ಕಂಬಕ್ಕೆ, ನೆಲದೊಳಗೆ ಬೇರೆ ವಸ್ತು. ಮಣ್ಣಿನಲ್ಲಿ ತಾಳುವ ಮರಗಳೂ ನಮ್ಮಲ್ಲಿವೆ. ಬೋಗಿ, ಜಂಬೆ ಇವುಗಳ ಕೆಚ್ಚು, ಬಲಿತ ಬೈನೆಯ ಹೊರಮೈ ಹಳೆಯವರಿಗೆ ಗೊತ್ತಿದ್ದವು. ಅವೂ ಬಾಳುವುದು ಕೆಚ್ಚಿನಿಂದಲೇ ಹೊರತು ಹೊರಗಿನ ಬಿಳಿಮರದಿಂದಲ್ಲ. ಯಾವ ಜಾತಿಯದಾದರೂ ಎಳೆಯ ಮರದ ಗುಂಡುಕಂಬದಲ್ಲಿ ಬಿಳಿಯೇ ಹೆಚ್ಚು. ಜಂಬೆಯ ಕಂಬವೂ ಐದು ವರ್ಷಕ್ಕೆ ಹೋಯಿತು ಎಂದು ದೂರುವವರು ನೆಟ್ಟದ್ದು ಬಹುಶಃ ಅಂಥ ಎಳೆ ಮರವನ್ನು.

ಮರ ಕಡಿದ ಕೂಡಲೇ ತೊಗಟೆ ತೆಗೆಯಬೇಕು. ತೊಗಟೆ ಬಿಟ್ಟರೆ ಅದರಡಿಯಲ್ಲಿ ಹುಳ ಸೇರುತ್ತದೆ. ನೆರಳಿನಲ್ಲಿ, ನೆಲದಿಂದ ಎತ್ತರದಲ್ಲಿ, ನಡುನಡುವೆ ಗಾಳಿಯಾಡುವಂತೆ ಅಡ್ಡಪಟ್ಟಿ ಕೊಟ್ಟು ಪೇರಿಸಿ ಕನಿಷ್ಠ ಮೂರು ತಿಂಗಳು ಒಣಗಿಸಬೇಕು. ಮೇಲುಭಾಗದ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಒಳ್ಳೆಯದು: ಒಂದೂವರೆ ಪಾಲು ಬೋರಾಕ್ಸಿಗೆ ಒಂದು ಪಾಲು ಬೋರಿಕ್ ಆಮ್ಲ, ಎರಡೂ ಸೇರಿ 5 ಕಿಲೋ ಪುಡಿಗೆ 100 ಲೀಟರ್ ನೀರು. ಮರ ಹಸಿಯಿರುವಾಗಲೇ ಮುಳುಗಿಸಿದರೆ ಔಷಧಿ ಒಳಕ್ಕೆ ಇಳಿಯುತ್ತದೆ. ಆದರೆ ಇದು ನೀರಿಗೆ ಕರಗುವಂಥದ್ದು. ಮಳೆಗೆ ಮೈಯೊಡ್ಡುವ ಭಾಗದಲ್ಲಿ ತೊಳೆದುಹೋಗುತ್ತದೆ, ಮಣ್ಣಿನೊಳಗಂತೂ ಉಪಯೋಗವಿಲ್ಲ. ಕಾರ್ಖಾನೆಯಲ್ಲಿ ಒತ್ತಡದಿಂದ ತಾಮ್ರ-ಕ್ರೋಮ್-ಆರ್ಸೆನಿಕ್ ಉಣಿಸಿದ ನೀಲಗಿರಿ ಕಂಬ ಸಿಕ್ಕಿದರೆ ಮಣ್ಣಿನಲ್ಲಿ ತಾಳುವುದು ನಿಜ. ಅದರಲ್ಲಿರುವುದು ವಿಷವೆಂಬುದೂ ನಿಜ. ಅಮೆರಿಕದಲ್ಲಿ ಮನೆ ಬಳಕೆಯ ಮರಕ್ಕೆ ಅದನ್ನು ಉಣಿಸುವುದನ್ನು 2003ರ ಕೊನೆಗೆ ನಿಲ್ಲಿಸಿದರು. ಬೆಳೆ ತಾಗುವ ಅಟ್ಟ, ತಟ್ಟಿಗಳಿಗೆ ಆ ಮರ ಬೇಡ, ಅದರ ಚೂರುಗಳನ್ನು ಒಲೆಗೆ ಹಾಕುವುದಂತೂ ಕೂಡದು.

ಬುಡಕ್ಕೆ ಗೇರೆಣ್ಣೆ, ಟಾರು, ಎಂಜಿನ್ನಿನ ಹಳೆ ಆಯಿಲ್ ಬಳಿಯುವ ರೂಢಿಯ ಬಗ್ಗೆ ಎರಡು ಮಾತು. ಹಟ್ಟಿಗಾದರೆ ಅಡ್ಡಿಯಿಲ್ಲ. ಕಾಫಿ ಇಡುವ ಕೊಟ್ಟಿಗೆಗೆ ಹಳೆ ಆಯಿಲ್ ಸರ್ವಥಾ ಬೇಡ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆ. ಕುಡಿದು ನೋಡುವ ಪರೀಕ್ಷಕರ ನಾಲಗೆಗೆ ಅದು ಮುಚ್ಚಿಡಲಾಗದ ವಿಷಯ. ಹಿಂದೆ ಒರಲೆಗೆಂದು ಗುಂಡಿಗೆ ಸುರಿಯುತ್ತಿದ್ದ ಆಲ್ಡ್ರಿನ್ ಮತ್ತು ಬಿಎಚ್‌ಸಿ ಪುಡಿಗಳನ್ನು ಸರ್ಕಾರ 1990ರ ದಶಕದಲ್ಲೇ ನಿಷೇಧಿಸಿದೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆ ಡಬ್ಬಿ ಉಳಿದಿದ್ದರೆ ಇದಕ್ಕೆ ತೆಗೆಯಬೇಡಿ. ಕ್ಲೋರ್‌ಪೈರಿಫಾಸನ್ನು ಯೂರೋಪಿನ ಒಕ್ಕೂಟ 2020ರಲ್ಲಿ ಕೈಬಿಟ್ಟಿದೆ. ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಆ ಕಡೆಯವರು. ಕಂಬದ ಬುಡವನ್ನು ಸುಟ್ಟು ಕರಿಮಾಡಿ ನೆಡುವ ಪದ್ಧತಿಯೂ ಇದೆ. ಮೇಲಿನ ಕರಿಪದರ ತೆಳ್ಳಗೆ, ಬಿರುಕು ಬಿಟ್ಟಿರುತ್ತದೆ. ನೀರು ಆ ಬಿರುಕಿನಲ್ಲೇ ಒಳಹೋಗುತ್ತದೆ. ಅದನ್ನು ನಂಬಿ ತಗಡು ಹೊದಿಸುವುದು ಬೇಡ ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಬುಡಕ್ಕೆ ಏನು? ಕಂಬ ಕೊಳೆಯುವುದು ತೀರಾ ಆಳದಲ್ಲಿ ಅಲ್ಲ, ನೆಲಮಟ್ಟದಲ್ಲಿ. ನೀರೂ ಗಾಳಿಯೂ ಒಟ್ಟಿಗೆ ಸಿಗುವ ಒಂದು ಗೇಣು ಜಾಗ ಅದು. ಸುತ್ತ ಕಾಂಕ್ರೀಟು ಸುರಿದರೆ ಗಟ್ಟಿಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಮರ ಒಣಗಿ ಕುಗ್ಗಿದಾಗ ಕಾಂಕ್ರೀಟಿಗೂ ಮರಕ್ಕೂ ನಡುವೆ ಎಡೆ ಬಿಡುತ್ತದೆ. ಮಳೆನೀರು ಅದರಲ್ಲಿಳಿದು, ಹೊರಬರಲು ದಾರಿಯಿಲ್ಲದೆ, ಲೋಟದಲ್ಲಿ ನಿಂತಂತೆ ನಿಲ್ಲುತ್ತದೆ. ನಾವು ಶಿಫಾರಸು ಮಾಡುವುದು ಕಲ್ಲಿನ ಬುಡ. ಬಯಲುಸೀಮೆಯಿಂದ ಬೇಲಿಗೆ ತರಿಸುವ ಗ್ರಾನೈಟ್ ಕಲ್ಲುಕಂಬ ಎಲ್ಲರೂ ಕಂಡದ್ದೇ. ಆರಡಿ ಉದ್ದದ ಎರಡು ಕಲ್ಲುಗಳನ್ನು ನಡುವೆ ಮರದ ಕಂಬ ಸೇರುವಷ್ಟು ಎಡೆ ಬಿಟ್ಟು, ನಾಲ್ಕಡಿ ಒಳಗೆ, ಎರಡಡಿ ಹೊರಗೆ ನೆಡುವುದು. ಹೊರಗಿನ ಭಾಗದಲ್ಲಿ ಕಲ್ಲುಕೆಲಸದವರಿಂದ ಎರಡೆರಡು ತೂತು ಹೊಡೆಸಿ, ಮರದ ಕಂಬವನ್ನು ನಡುವೆ ನಿಲ್ಲಿಸಿ, ಎರಡು ಬೋಲ್ಟು ತೂರಿಸಿ ಬಿಗಿಯುವುದು. ಮರದ ತುದಿ ನೆಲದಿಂದ ಅರ್ಧ ಅಡಿ ಮೇಲೆ, ಚಪ್ಪಟೆ ಕಲ್ಲಿನ ಮೇಲೆ ಕುಳಿತಿರಬೇಕು. ಒರಲೆ ಹತ್ತಿದರೂ ಕಲ್ಲಿನ ಮೇಲೆ ಮಣ್ಣಿನ ದಾರಿ ಕಟ್ಟಿಕೊಂಡೇ ಹತ್ತಬೇಕಾದ್ದರಿಂದ ಕಣ್ಣಿಗೆ ಕಾಣುತ್ತದೆ, ಪೊರಕೆಯಲ್ಲಿ ಕೆಡವಬಹುದು.

ಹಳೆ ಮನೆಗಳ ಕಂಬಗಳು ಬರೇ ಅಡಿಗಲ್ಲಿನ ಮೇಲೆ ನಿಂತು ನೂರು ವರ್ಷ ಬಾಳಿಲ್ಲವೇ ಎಂದು ಕೇಳುವವರಿದ್ದಾರೆ. ಬಾಳಿವೆ. ಆ ಮನೆಗಳಿಗೆ ದಪ್ಪ ಮಣ್ಣಿನ ಗೋಡೆಯಿತ್ತು, ಅದು ಕಂಬವನ್ನು ಓಲಾಡಗೊಡಲಿಲ್ಲ. ನಾಲ್ಕೂ ಕಡೆ ತೆರೆದ ಕೊಟ್ಟಿಗೆಯಲ್ಲಿ ಕಂಬವನ್ನು ಕಲ್ಲಿನ ಮೇಲೆ ಸುಮ್ಮನೆ ನಿಲ್ಲಿಸಿದರೆ ಮೊದಲ ಗಾಳಿಗೇ ಪೂರ್ತಿ ಮಾಡು ಒಂದು ಪಕ್ಕಕ್ಕೆ ವಾಲುತ್ತದೆ.

ಇನ್ನು ಅಳತೆ. ಇಪ್ಪತ್ತಡಿ ಅಗಲಕ್ಕೆ ಮೂರು ಸಾಲು ಕಂಬ, ಸಾಲಿಗೆ ಹತ್ತಡಿಗೊಂದರಂತೆ ನಾಲ್ಕು, ಒಟ್ಟು ಹನ್ನೆರಡು. ಬದಿಯ ಸಾಲುಗಳು ನೆಲದಿಂದ ಒಂಬತ್ತಡಿ, ನಡುಸಾಲು ಹದಿನಾಲ್ಕಡಿ. ಹತ್ತಡಿಗೆ ಐದಡಿ ಇಳಿಜಾರು ಸಿಗುತ್ತದೆ, ನಮ್ಮ ಮಳೆಗೆ ಅದು ಸಾಕು. ನಡುಸಾಲು ಬೇಡವೆನ್ನುವವರು ಕತ್ತರಿ ಕಟ್ಟಬೇಕು. ಅದು ಅನುಭವಸ್ಥ ಬಡಗಿಯ ಕೆಲಸ. ನಡುಸಾಲು ಕಣಕ್ಕೆ ಸ್ವಲ್ಪ ಅಡ್ಡಿಯೆನಿಸಿದರೂ ಅದೇ ಕಂಬಗಳಿಗೆ ಅಟ್ಟ ಕಟ್ಟಿ ಅಡಕೆ ತಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಬಹುದು. ಮೂಲೆ ಸರಿಯಾಗಿದೆಯೇ ನೋಡಲು ಹಗ್ಗ ಸಾಕು: ಒಂದು ಬದಿಗೆ ಆರಡಿ, ಇನ್ನೊಂದು ಬದಿಗೆ ಎಂಟಡಿ ಗುರುತು ಹಾಕಿದರೆ ಎರಡು ಗುರುತಿನ ನಡುವೆ ಹತ್ತಡಿ ಬರಬೇಕು. ಮಟ್ಟಕ್ಕೆ ನೀರು ತುಂಬಿದ ಪಾರದರ್ಶಕ ಪೈಪು. ಗುಂಡಿಯ ತಳದಲ್ಲಿ ಚಪ್ಪಟೆ ಕಲ್ಲಿಟ್ಟು, ಕಲ್ಲುಗಳನ್ನು ನಿಲ್ಲಿಸಿ, ಅರ್ಧರ್ಧ ಅಡಿಗೆ ಮಣ್ಣು ಹಾಕಿ ಹಾರೆಯ ಬುಡದಿಂದ ಗಿಡಿಯುತ್ತ ಬರಬೇಕು. ಗುಂಡಿ ತುಂಬ ಒಂದೇ ಸಲ ಮಣ್ಣು ಸುರಿದು ಮೇಲಿಂದ ತುಳಿದರೆ ಕೆಳಗೆ ಸಡಿಲವೇ ಉಳಿಯುತ್ತದೆ.

ಮಾಡಿಗೆ ಹಂಚೋ ತಗಡೋ? ಲೆಕ್ಕ ಹಾಕಿ ನೋಡೋಣ. ಸುತ್ತ ಎರಡಡಿ ಸೂರು ಬಿಟ್ಟರೆ ಈ ಕೊಟ್ಟಿಗೆಯ ಮಾಡು ಸುಮಾರು 85 ಚದರ ಮೀಟರ್. ಮಂಗಳೂರು ಹಂಚಾದರೆ ಹತ್ತಿರ ಹತ್ತಿರ 1300 ಬೇಕು. ಹಂಚೊಂದಕ್ಕೆ ಎರಡೂವರೆ ಕಿಲೋದಂತೆ ಮೂರು ಟನ್ನಿಗೂ ಮಿಕ್ಕಿದ ಭಾರ. ರೀಪು, ಪಕಾಸಿ ಎಲ್ಲವೂ ಒತ್ತಾಗಿ, ದಪ್ಪವಾಗಿ ಬೇಕು. ತಗಡಾದರೆ ಎಲ್ಲ ಸೇರಿ 400 ಕಿಲೋ ಆಸುಪಾಸು. ಹಂಚಿನ ತಂಪು ತಗಡಿಗಿಲ್ಲ, ಆದರೆ ಇದು ನಾವು ಮಲಗುವ ಜಾಗವಲ್ಲ, ಬೆಳೆ ಒಣಗುವ ಜಾಗ. ನಡುನಡುವೆ ಬೆಳಕಿನ ಹಾಳೆ ಹಾಕಿಕೊಂಡರೆ ಬಿಸಿಲೂ ಸಿಗುತ್ತದೆ.

ತಗಡಿಗೆ ಬೇರೊಂದು ಶತ್ರುವಿದೆ. ಭಾರತೀಯ ಮಾನಕ ಐಎಸ್ 875ರಲ್ಲಿ ಬೆಂಗಳೂರಿಗೆ ಲೆಕ್ಕ ಹಿಡಿಯುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್. ಆ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 65 ಕಿಲೋ ತೂಕದಷ್ಟು. ತೆರೆದ ಕೊಟ್ಟಿಗೆಯಲ್ಲಿ ಗಾಳಿ ಕೆಳಗೆ ನುಗ್ಗಿ ಮೇಲಕ್ಕೆ ಒತ್ತುತ್ತದೆ, ಮೇಲಿನ ಗಾಳಿ ಸೆಳೆಯುತ್ತದೆ. ಆ ಒತ್ತಡದ ಅರ್ಧ ಮಾತ್ರ ಎತ್ತಿತೆಂದು ಹಿಡಿದರೂ 85 ಚದರ ಮೀಟರಿಗೆ ಎರಡೂವರೆ ಟನ್ನಿಗಿಂತ ಹೆಚ್ಚಾಯಿತು. ತಗಡಿನ ತೂಕವೆಷ್ಟು? 400 ಕಿಲೋ. ಮಾಡು ಕುಸಿಯುವುದಿಲ್ಲ, ಹಾರುತ್ತದೆ. ನಮ್ಮ ಸದಸ್ಯರೊಬ್ಬರು ದುಬಾರಿ ಹಣ ಕೊಟ್ಟು ಕಟ್ಟಿಸಿದ ಕಬ್ಬಿಣದ ಶೆಡ್ಡಿನ ತಗಡುಗಳು ಒಂದು ಮೇ ತಿಂಗಳ ಸಂಜೆ ಪಕ್ಕದವರ ತೋಟದ ಮೆಣಸಿನ ಬಳ್ಳಿಗಳ ಮೇಲೆ ಹೋಗಿ ಬಿದ್ದವು. ಕಂಬಗಳು ನೆಟ್ಟಗೇ ಇದ್ದವು! ಕಟ್ಟಿದವರು ತಿರುಪುಗಳನ್ನು ಎಣಿಸಿ ಹಾಕಿದ್ದರು.

ಆದುದರಿಂದ ತಗಡಿನಿಂದ ಕಲ್ಲಿನವರೆಗೆ ಒಂದಕ್ಕೊಂದು ಹಿಡಿದುಕೊಂಡಿರಬೇಕು. ತಗಡು ರೀಪಿಗೆ ತಿರುಪಿನಿಂದ, ಸೂರಿನ ಅಂಚಿನಲ್ಲಿ ಮತ್ತು ನೆತ್ತಿಯಲ್ಲಿ ಪ್ರತಿ ಏಣಿಗೂ ಒಂದು. ರೀಪು ಪಕಾಸಿಗೆ, ಪಕಾಸಿ ತೊಲೆಗೆ ಬರೇ ಮೊಳೆಯಿಂದಲ್ಲ, ಮೇಲಿಂದ ಸುತ್ತಿ ಬಂದ ಕಬ್ಬಿಣದ ಪಟ್ಟಿಯಿಂದ. ಕಂಬದ ತಲೆಯಲ್ಲಿ ತೊಲೆ ಕೂರಲು ಕಚ್ಚು ಕೊಟ್ಟು ಬೋಲ್ಟು ತೂರಿಸಬೇಕು. ಪ್ರತಿ ಕಂಬದಿಂದ ತೊಲೆಗೆ ಎರಡೂ ಕಡೆ ಮೂರಡಿಯ ಓರೆ ಮರ ಕೊಟ್ಟರೆ ಓಲಾಟ ನಿಂತಿತು. ಹಳೆ ಅಡಕೆ ಮರದ ದಬ್ಬೆಯನ್ನು ರೀಪಿಗೆ ಬಳಸುವುದಾದರೆ ಒಳಗಿನ ಮೆದು ತಿರುಳನ್ನು ಪೂರ್ತಿ ಕೆತ್ತಿ ತೆಗೆದು ಹೊರಗಿನ ಗಟ್ಟಿಯನ್ನಷ್ಟೇ ಉಳಿಸಿಕೊಳ್ಳಿ. ಅದಕ್ಕೂ ಮೊದಲೇ ತೂತು ಕೊರೆದು ತಿರುಪು ಹಾಕಬೇಕು, ಇಲ್ಲವಾದರೆ ಉದ್ದಕ್ಕೆ ಸೀಳುತ್ತದೆ.

ಇಷ್ಟೂ ಹೇಳಿದ್ದು ಮಲೆನಾಡಿನ ಜಂಬಿಟ್ಟಿಗೆ ಮಣ್ಣಿಗೆ. ಅಡಕೆ ಈಗ ಚನ್ನಗಿರಿಯ ಕಡೆ, ಭದ್ರಾ ಅಚ್ಚುಕಟ್ಟಿನ ಗದ್ದೆಗಳಿಗೂ ಇಳಿದಿದೆ. ಕಪ್ಪು ಮಣ್ಣಿನಲ್ಲಿ ಕೊಟ್ಟಿಗೆ ಕಟ್ಟುವ ಸದಸ್ಯರೂ ನಮ್ಮಲ್ಲಿದ್ದಾರೆ. ಅವರಿಗೆ ಪಾಠ ಬೇರೆ, ಅದನ್ನು ಕಲಿಯಬೇಕಾದ್ದು ಕಪ್ಪು ಮಣ್ಣಿನಲ್ಲೇ ಬಾಳುವವರಿಂದ. ಬಸವಕಲ್ಯಾಣಕ್ಕೆ ಯಾತ್ರೆ ಹೋದವರು ಹುಮನಾಬಾದ್ ಬಿಟ್ಟ ಮೇಲೆ ಹೆದ್ದಾರಿಯಲ್ಲಿ ಸಿಗುವ ರಾಜೇಶ್ವರವನ್ನು ಕಂಡಿರಬಹುದು. ಅಲ್ಲಿ ಕಾಫಿಯಿಲ್ಲ, ಅಡಕೆಯಿಲ್ಲ. ತೊಗರಿ, ಸೋಯಾ, ಉದ್ದು, ಜೋಳ ಬೆಳೆವ, ದೇವಣಿ ದನ ಕಟ್ಟುವ ಸೀಮೆ. ದನಕ್ಕೂ ಕಣಿಕೆಗೂ ಹೊಲದ ಬದಿಯಲ್ಲಿ ಬೇವಿನದೋ ಜಾಲಿಯದೋ ಕಂಬ ನೆಟ್ಟು ತಗಡು ಹೊದಿಸಿದ ಕೊಟ್ಟಿಗೆಗಳು ಆ ದಾರಿಯಲ್ಲಿ ಕಾಣುತ್ತವೆ. ಆ ಭಾಗದವರು ಎರೆ ಎನ್ನುವ ಕಪ್ಪು ಮಣ್ಣು ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಎರಡಡಿ ಮೂರಡಿ ಹೂತ ಕಂಬವನ್ನು ಅದು ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ, ಒಂದೊಂದನ್ನು ಒಂದೊಂದು ಬಗೆಯಲ್ಲಿ. ಅದಕ್ಕೇ ಅಲ್ಲಿನ ತಿಳಿದವರು ಗರಸು ಮಣ್ಣು ಸಿಗುವವರೆಗೆ ಅಗೆಯದೆ ಬಿಡರು, ಗುಂಡಿಗೆ ಮರಳಿ ಎರೆ ಮಣ್ಣನ್ನೂ ತುಂಬರು. ಗರಸನ್ನೇ ಹೊತ್ತು ತಂದು ನೀರು ಚಿಮುಕಿಸಿ ಗಿಡಿಯುತ್ತಾರೆ. ಚನ್ನಗಿರಿಯ ಸದಸ್ಯರಿಗೆ ನಾವು ಹೇಳುವುದೂ ಇದನ್ನೇ: ನಾಲ್ಕಡಿಯೆಂಬ ಲೆಕ್ಕ ಬಿಡಿ, ಗಟ್ಟಿ ಸಿಗುವವರೆಗೆ ಹೋಗಿ.

ಆ ಸೀಮೆಯ ಇನ್ನೊಂದು ಅನುಭವ ನೆನೆಯತಕ್ಕದ್ದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಡಿಯಾಚೆ ಬಸವಕಲ್ಯಾಣಕ್ಕೆ ದೂರವಲ್ಲದ ಕಿಲ್ಲಾರಿ, ಉಮರ್ಗಾ ಕಡೆ ಭೂಮಿ ನಡುಗಿ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಕೊಂದದ್ದು ಹೆಚ್ಚಾಗಿ ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿನ ಮಣ್ಣಿನ ಮಾಳಿಗೆಯ ಭಾರ. ಕಂಬದ ಮೇಲೆ ಹಗುರ ಹೊದಿಕೆಯಿದ್ದ ಗುಡಿಸಲುಗಳು ಬಹುಮಟ್ಟಿಗೆ ನಿಂತವು. ಗಾಳಿಗೆ ತಗಡು ಹಾರದಿರಲೆಂದು ಬಯಲುಸೀಮೆಯಲ್ಲಿ ಮಾಡಿನ ಮೇಲೆ ಕಲ್ಲು ಹೇರುವ ರೂಢಿಯಿದೆ. ಅದು ಮಾತ್ರ ಅನುಕರಿಸತಕ್ಕದ್ದಲ್ಲ. ಕಲ್ಲು ಹೇರುವ ಕೈ ನಾಲ್ಕು ತಿರುಪು ಹೆಚ್ಚು ಹಾಕಲಿ.

ಜಾಗದ ವಿಚಾರ ಸಂಕ್ಷೇಪವಾಗಿ: ನೀರು ಹರಿದು ಬರುವ ದಾರಿಯಲ್ಲಿ ಬೇಡ, ಹೊಸದಾಗಿ ಮಣ್ಣು ತುಂಬಿದ ದಿಣ್ಣೆಯಲ್ಲಿ ಬೇಡ, ಕಡಿದಾದ ಧರೆಯ ಬುಡದಲ್ಲಂತೂ ಬೇಡವೇ ಬೇಡ, 2018 ಮತ್ತು 2019ರ ಆಗಸ್ಟ್ ತಿಂಗಳುಗಳು ಏನು ಮಾಡಿದವೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ನೆಲವನ್ನು ಸುತ್ತಲಿಗಿಂತ ಒಂದಡಿ ಎತ್ತರಿಸಿ, ಸೂರಿನ ನೀರಿಗೆ ಚರಂಡಿ ಮಾಡಿ. ಪಡುವಣ ಬದಿಗೆ ಮಳೆಗಾಲದಲ್ಲಿ ಸೋಗೆ ತಟ್ಟಿ ಕಟ್ಟುವಂತಿರಲಿ. ಕೊಟ್ಟಿಗೆಯೊಳಗೂ ಕಾಫಿಯನ್ನು ಬರೀ ನೆಲದ ಮೇಲೆ ರಾಶಿ ಹಾಕಬಾರದು. ತೇವಾಂಶ ನೂರಕ್ಕೆ 10-11ಕ್ಕೆ ಇಳಿಯುವವರೆಗೆ ತೆಳುವಾಗಿ ಹರಡಿ ಕೈಯಾಡಿಸುತ್ತಲೇ ಇರಬೇಕು. ಒಮ್ಮೆ ಒಣಗಿ ಮತ್ತೆ ಒದ್ದೆಯಾದ ಬೀಜ ಬೂಷ್ಟು ಹಿಡಿಯುವಷ್ಟು ಬೇಗ ಹಸಿ ಬೀಜವೂ ಹಿಡಿಯದು.

ಕೆಲಸದ ದಿನ ನಾಲ್ಕೈದು ಜನ ಬೇಕು. ನಡುಸಾಲಿನ ಉದ್ದ ಕಂಬವನ್ನು ಇಬ್ಬರೇ ಎತ್ತಲು ಹೋಗಬಾರದು. ಮೇಲೆ ವಿದ್ಯುತ್ ತಂತಿಯಿದ್ದರೆ ತಗಡನ್ನಾಗಲಿ ಏಣಿಯನ್ನಾಗಲಿ ನಿಲ್ಲಿಸಿ ಹೊರಬೇಡಿ, ಮಲಗಿಸಿ ಹೊರಿ. ಸಾಧ್ಯವಾದರೆ ಜಾಗವನ್ನೇ ಬದಲಿಸಿ. ಗಾಳಿ ಎದ್ದ ದಿನ ತಗಡಿನ ಕೆಲಸ ನಿಲ್ಲಿಸುವುದು ಒಳ್ಳೆಯದು.

ಈ ವರ್ಷದ ಕೊಯ್ಲಿಗೆ ಬೇಕೆನ್ನುವವರು ಈಗ ಮರ ಕಡಿದು ಒಣಗಿಸಲು ಹೊರಟರೆ ಹೊತ್ತು ಮೀರಬಹುದು. ಅವರು ಕಲ್ಲುಬುಡ, ಗುಂಡಿ, ನೆಲ, ಚರಂಡಿ ಇಷ್ಟನ್ನು ಮುಗಿಸಿಕೊಂಡು ಈ ಸಲಕ್ಕೆ ಅದೇ ಕಲ್ಲುಗಳಿಗೆ ಅಡಕೆ ಕಂಬ ಬಿಗಿದು ಟಾರ್ಪಾಲು ಕಟ್ಟಿಕೊಳ್ಳಬಹುದು; ಮುಂದಿನ ವರ್ಷ ಒಣಗಿದ ಮರ ಏರಿಸಿದರಾಯಿತು. ಖರ್ಚೂ ಎರಡು ವರ್ಷಕ್ಕೆ ಹಂಚಿಹೋಗುತ್ತದೆ. ಸಾಲ ಬೇಕಾದವರು ತಗಡು, ಬೋಲ್ಟು, ಕಲ್ಲು ಮತ್ತು ಬಡಗಿಯ ಕೂಲಿಯ ಲೆಕ್ಕವನ್ನು ಬೇರೆಯಾಗಿ ಬರೆದು ತಂದರೆ ಕಚೇರಿಯಲ್ಲಿ ಕೂತು ನೋಡೋಣ.

ಕಟ್ಟಿ ಮುಗಿದ ಮೇಲೆ ಮೊದಲ ಬೇಸಿಗೆಯಲ್ಲಿ ಮರ ಕುಗ್ಗಿ ಬೋಲ್ಟುಗಳೆಲ್ಲ ಸಡಿಲವಾಗಿರುತ್ತವೆ. ಮಾರ್ಚ್ ತಿಂಗಳಲ್ಲಿ, ಮೊದಲ ಗುಡುಗಿಗೆ ಮುಂಚೆ, ಒಂದು ಸ್ಪ್ಯಾನರ್ ಹಿಡಿದು ಹನ್ನೆರಡೂ ಕಂಬಗಳನ್ನು ಸುತ್ತಿ ಬನ್ನಿ. ಮಳೆಗಾಲ ಕಳೆದ ಮೇಲೆ ಪ್ರತಿ ಕಂಬದ ತುದಿಯನ್ನು, ಕಲ್ಲಿಗೆ ತಾಗುವಲ್ಲಿ, ಚೂರಿಯ ಮೊನೆಯಿಂದ ಚುಚ್ಚಿ ನೋಡಬೇಕು. ಮೊನೆ ಸುಲಭವಾಗಿ ಒಳಹೋದರೆ ಆ ಕಂಬದ ಸರದಿ ಬಂದಿತೆಂದು ತಿಳಿದು, ಪಕ್ಕದಲ್ಲಿ ತಾತ್ಕಾಲಿಕ ಆಸರೆ ಕೊಟ್ಟು, ಎರಡು ಬೋಲ್ಟು ಬಿಚ್ಚಿ, ಅದೊಂದನ್ನು ಮಾತ್ರ ಬದಲಿಸಿಕೊಳ್ಳಬಹುದು.